ತಾರಸಿ ಜೇನಿಗೆ ನೋಂದಣಿ ಇರಲಿ

ಕಳೆದ ವರ್ಷ ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ, ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಅಂಕಲ್‌ಗೆ ಜೇನು ಕಚ್ಚಿತು. ಒಂದೆರಡು ಕಡೆಯಲ್ಲ, ಇಪ್ಪತ್ತಕ್ಕೂ ಹೆಚ್ಚು ಕಡೆ. ಬಿ ಬ್ಲಾಕ್‌ನ ಐದನೇ ಮಹಡಿಯ ಬಾಲ್ಕನಿ ಕೆಳಗೆ ಹೆಜ್ಜೇನು ಕಟ್ಟಿತ್ತು. ಗೋಡೆಗೆ ಬಣ್ಣ ಬಳಿಯುವವರು ಮೇಲಿನಿಂದ ಇಳಿಬಿಟ್ಟ ಹಗ್ಗ ಅದಕ್ಕೆ ತಾಗಿತು. ಬಣ್ಣದವರು ಹೇಗೋ ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಗೇಟಿನಲ್ಲಿ ಕೂತಿದ್ದ ಅಂಕಲ್‌ಗೆ ಬಾಗಿಲೇ ಇರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದರು.

ಅಂದು ಸಂಜೆ ಅಸೋಸಿಯೇಷನ್‌ನ ತುರ್ತು ಸಭೆ. ಅಲ್ಲಿ ಬಂದ ಮೊದಲ ಪ್ರಶ್ನೆಯೇ, ‘ಎ ಬ್ಲಾಕ್ ತಾರಸಿ ಮೇಲೆ ಜೇನು ಸಾಕಿರೋರು ಯಾರು?’ ಎಂದು.

ಸಾಕಿದ್ದವಳು ನಾನು. ಬಿ.ಎಸ್ಸಿ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಮನೆಯಲ್ಲೇ ಓದುತ್ತಿದ್ದೇನೆ. ಶಿರಸಿ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವ ಸೋದರಮಾವ ಎರಡು ವರ್ಷದ ಹಿಂದೆ ಒಂದು ತುಡುವೆ ಜೇನಿನ ಪೆಟ್ಟಿಗೆ ಕೊಟ್ಟಿದ್ದರು. ತಾರಸಿಯ ಮೂಲೆಯಲ್ಲಿ, ನೀರಿನ ಟ್ಯಾಂಕ್ ನೆರಳಲ್ಲಿ ಇಟ್ಟಿದ್ದೆ. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು, ಮೇಲೆ ಮಳೆ ಬೀಳದಂತೆ ಒಂದು ತಗಡು. ಹೊಂಗೆ ಹೂ ಬಿಡುವ ಕಾಲದಲ್ಲಿ ಎರಡೂವರೆ ಕಿಲೋ ತುಪ್ಪ ಸಿಕ್ಕಿತ್ತು. ಅಷ್ಟೇ ನನ್ನ ಜೇನು ಸಾಕಣೆ.

ಅಂಕಲ್‌ಗೆ ಕಚ್ಚಿದ್ದು ಹೆಜ್ಜೇನು, ನನ್ನದು ತುಡುವೆ, ಎರಡೂ ಬೇರೆ ಬೇರೆ ಎಂದು ಹೇಳಲು ಹೋದೆ. ‘ಜೇನು ಅಂದ್ರೆ ಜೇನೇ ಅಲ್ವೇನಮ್ಮಾ?’ ಎಂದರು ಕಾರ್ಯದರ್ಶಿ. ಅಂಕಲ್ ಆಸ್ಪತ್ರೆಯಲ್ಲಿ ಮಲಗಿರುವಾಗ ಜೇನಿನ ಪರ ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ. ‘ಎರಡನ್ನೂ ತೆಗೆಸೋಣ’ ಎಂದಾಗ ನಾನೂ ತಲೆಯಾಡಿಸಿದೆ. ರಾತ್ರಿ ಒಂಬತ್ತಕ್ಕೆ ಕೀಟನಾಶಕ ಸಿಂಪಡಿಸುವವರು ಬಂದರು. ಬೆಳಿಗ್ಗೆ ಬಿ ಬ್ಲಾಕ್ ಕೆಳಗೆ ಸತ್ತ ಹೆಜ್ಜೇನನ್ನು ಮೊರದಲ್ಲಿ ತುಂಬಿ ಹಾಕುತ್ತಿದ್ದರು. ತಾರಸಿಗೆ ಹೋಗಿ ಪೆಟ್ಟಿಗೆ ಮುಚ್ಚಳ ತೆಗೆದೆ. ಒಂದು ಹುಳವೂ ಅಲುಗಾಡುತ್ತಿರಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಂಥ ದೊಡ್ಡ ನಗರದಲ್ಲಿ ಮನೆಯ ಮೇಲೆ ಜೇನು ಸಾಕಬಹುದೇ, ಬಾರದೇ? ಸಾಕುವುದಾದರೆ ಹೇಗೆ? ಅದನ್ನು ಹೇಳಬೇಕಾದವರು ಯಾರು?

ಜೇನು ಅಂದರೆ ಒಂದೇ ಅಲ್ಲ

ಕಾರ್ಯದರ್ಶಿಯವರ ತಪ್ಪೇನಿಲ್ಲ. ನಗರದಲ್ಲಿ ಬೆಳೆದ ನಮ್ಮಲ್ಲಿ ಹೆಚ್ಚಿನವರಿಗೆ ಜೇನಿನ ವ್ಯತ್ಯಾಸ ಗೊತ್ತಿಲ್ಲ. ಆದರೆ ನಿಯಮದ ಮಾತು ಶುರುವಾಗಬೇಕಾದದ್ದೇ ಅಲ್ಲಿಂದ.

ನಮ್ಮ ನಾಡಿನಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಜೇನುಗಳಿವೆ. ಎತ್ತರದ ಕಟ್ಟಡ, ನೀರಿನ ಟ್ಯಾಂಕು, ದೊಡ್ಡ ಮರಗಳಲ್ಲಿ ಒಂದೇ ಒಂದು ದೊಡ್ಡ ಎರಿ ಕಟ್ಟಿ ಬಯಲಲ್ಲೇ ಬದುಕುವುದು ಹೆಜ್ಜೇನು. ಕೆಣಕಿದರೆ ಗುಂಪಾಗಿ ಅಟ್ಟಿಸಿಕೊಂಡು ಬರುವುದು ಇದೇ. ಇದು ವಲಸೆ ಹೋಗುವ ಕಾಡುಜೇನು. ಪೆಟ್ಟಿಗೆಯಲ್ಲಿ ಕೂಡಿಹಾಕಿ ಸಾಕಲು ಆಗುವುದಿಲ್ಲ. ಗಿಡದ ಕಡ್ಡಿಗೆ ಅಂಗೈ ಅಗಲದ ಎರಿ ಕಟ್ಟುವುದು ಕೋಲುಜೇನು. ಇದನ್ನೂ ಸಾಕುವುದಿಲ್ಲ. ಮರದ ಪೊಟರೆ, ಹುತ್ತಗಳ ಕತ್ತಲಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿ ಕಟ್ಟುವುದು ತುಡುವೆ. ಮಲೆನಾಡಿನಲ್ಲಿ ತಲೆಮಾರುಗಳಿಂದ ಸಾಕುತ್ತಿರುವುದು ಇದನ್ನೇ. ಗೋಡೆಯ ಬಿರುಕು, ಹಳೆಯ ಪೈಪುಗಳಲ್ಲಿ ಗೂಡು ಮಾಡುವ, ಇರುವೆಯಷ್ಟೇ ಗಾತ್ರದ, ಚುಚ್ಚಲು ಮುಳ್ಳೇ ಇಲ್ಲದ್ದು ಮುಜಂಟಿ. ಇವುಗಳ ಜೊತೆಗೆ 1960ರ ದಶಕದಲ್ಲಿ ಉತ್ತರ ಭಾರತಕ್ಕೆ ತಂದು ನೆಲೆಗೊಳಿಸಿದ ಯುರೋಪಿನ ಮೆಲ್ಲಿಫೆರಾ ಜೇನೂ ಈಗ ನಮ್ಮಲ್ಲಿದೆ.

ಅಂದರೆ ನಗರದ ಜನ ಹೆದರುವ ಜೇನನ್ನು ಯಾರೂ ಸಾಕುವುದಿಲ್ಲ. ಸಾಕುವ ಜೇನಿಗೆ ಜನ ಅಷ್ಟು ಹೆದರಬೇಕಾಗಿಲ್ಲ. ಆದರೆ ಹೆಜ್ಜೇನು ಕಚ್ಚಿದ ದಿನ ಶಿಕ್ಷೆ ಪೆಟ್ಟಿಗೆಗೂ ಸಿಗುತ್ತದೆ. ತಾರಸಿಯ ಮೇಲೆ ಸಾಕಿದವರು ಎಲ್ಲಿದ್ದಾರೆ, ಏನು ಸಾಕಿದ್ದಾರೆ ಎಂಬ ಲೆಕ್ಕವೇ ಯಾರ ಬಳಿಯೂ ಇಲ್ಲದಿರುವುದು ಇದಕ್ಕೆ ಕಾರಣ.

ನನ್ನದೂ ತಪ್ಪಿತ್ತು

ಹಾಗೆಂದು ನನ್ನದೇನೂ ತಪ್ಪಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪೆಟ್ಟಿಗೆ ಇಡುವ ಮೊದಲು ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಎಂದು ಗೊತ್ತಿತ್ತು. ಮಾರ್ಚ್ ಬಿಸಿಲಿಗೆ ನನ್ನ ಹುಳಗಳು ನೀರು ಹುಡುಕಿಕೊಂಡು ಮೂರನೇ ಮಹಡಿಯ ಅಜ್ಜಿಯ ಬಟ್ಟೆ ಒಗೆಯುವ ಬಕೆಟ್‌ಗೆ ಹೋಗುತ್ತಿದ್ದವು. ಅಜ್ಜಿ ಎರಡು ಸಲ ಹೇಳಿದರು. ‘ಏನೂ ಮಾಡಲ್ಲ ಅಜ್ಜಿ, ನೀರು ಕುಡಿದು ಹೋಗ್ತವೆ’ ಎಂದು ನಕ್ಕು ಸುಮ್ಮನಾಗಿದ್ದೆ. ಪೆಟ್ಟಿಗೆ ಪಕ್ಕ ಒಂದು ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರಿಟ್ಟಿದ್ದರೆ ಮುಗಿಯುತ್ತಿತ್ತು. ಹತ್ತು ನಿಮಿಷದ ಕೆಲಸ. ಮಾಡಲಿಲ್ಲ.

ಅಜ್ಜಿಯ ಭಯ ಸುಮ್ಮನೆ ಹುಟ್ಟಿದ್ದೂ ಅಲ್ಲ. ಜೇನಿನ ವಿಷಕ್ಕೆ ತೀವ್ರ ಅಲರ್ಜಿ ಇರುವವರಿಗೆ ಒಂದೇ ಒಂದು ಹುಳ ಕಚ್ಚಿದರೂ ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರು ಪಕ್ಕದ ಮನೆಯಲ್ಲಿದ್ದಾರೆಯೇ ಎಂದು ಕೇಳದೆ ಪೆಟ್ಟಿಗೆ ಇಟ್ಟದ್ದು ನಾನು.

ಈಗ ಕಾನೂನು ಏನು ಹೇಳುತ್ತದೆ?

ಸಭೆಯ ಮಾರನೇ ವಾರ ಒಂದು ಸರ್ಕಾರಿ ಕಚೇರಿಗೆ ಹೋದೆ. ಮನೆ ಮೇಲೆ ಜೇನು ಸಾಕಲು ಏನಾದರೂ ಅನುಮತಿ ಬೇಕಾ ಎಂದು ಕೇಳಿದೆ. ಮೊದಲ ಮೇಜಿನವರು ಎರಡನೆಯದಕ್ಕೆ, ಎರಡನೆಯವರು ಮೂರನೆಯದಕ್ಕೆ ಕಳಿಸಿದರು. ಮೂರನೆಯವರು, ‘ಕಂಪ್ಲೇಂಟ್ ಬಂದ್ರೆ ತೆಗೀರಿ’ ಎಂದರು.

ಯೋಚಿಸಿದರೆ ಇವತ್ತಿನ ಕಾನೂನಿನ ಸಾರಾಂಶವೂ ಹೆಚ್ಚುಕಮ್ಮಿ ಅದೇ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ತನ್ನ ಬಳಿ ಇರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಅದು ಅಪರಾಧ. ಮನುಷ್ಯನಲ್ಲದ ಪ್ರತಿ ಜೀವಿಯೂ ಈ ಸಂಹಿತೆಯ ಲೆಕ್ಕದಲ್ಲಿ ಪ್ರಾಣಿಯೇ, ಹಾಗಾಗಿ ಜೇನೂ ಸೇರುತ್ತದೆ. 270ನೇ ಸೆಕ್ಷನ್ ಸಾರ್ವಜನಿಕ ಉಪದ್ರವದ ಬಗ್ಗೆ ಹೇಳುತ್ತದೆ. ಆದರೆ ಇವೆಲ್ಲ ಎಡವಟ್ಟಾದ ಮೇಲೆ ಮಾತನಾಡುವ ಕಾನೂನುಗಳು. ಪೆಟ್ಟಿಗೆ ಎಲ್ಲಿಡಬೇಕು, ಎಷ್ಟಿಡಬೇಕು, ನೀರು ಇಡಬೇಕೋ ಬೇಡವೋ ಎಂದು ಮೊದಲೇ ಹೇಳುವುದಿಲ್ಲ.

ಇನ್ನೊಂದು ಕಡೆ ಸರ್ಕಾರವೇ ಜೇನು ಸಾಕಿ ಎನ್ನುತ್ತಿದೆ. ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನು ಮಿಷನ್‌ಗೆ ಕೇಂದ್ರ ₹500 ಕೋಟಿ ಘೋಷಿಸಿತು. ಜೇನು ಕೃಷಿಕರ ನೋಂದಣಿಗೆ 2021ರಲ್ಲಿ ‘ಮಧುಕ್ರಾಂತಿ’ ಪೋರ್ಟಲ್ ಬಂತು. ಇದೆಲ್ಲ ರೈತರನ್ನು ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆ, ಒಳ್ಳೆಯದೇ. ಆದರೆ ಗೋಡೆಗೆ ಗೋಡೆ ತಾಗಿಕೊಂಡಿರುವ ನಗರದಲ್ಲಿ ಪಕ್ಕದ ಮನೆಯವರಿಗೆ ಏನು ಉತ್ತರ ಕೊಡಬೇಕು ಎಂಬುದು ಅದರಲ್ಲಿ ಸಿಗುವುದಿಲ್ಲ.

ನಿಯಮವೇ ಇಲ್ಲದಿದ್ದರೆ ಸ್ವಾತಂತ್ರ್ಯ ಎಂದುಕೊಳ್ಳುತ್ತೇವೆ. ನಮ್ಮ ತಾರಸಿಯಲ್ಲಿ ನಾನು ಕಂಡದ್ದು ಬೇರೆ. ಮೊದಲ ಎರಡು ವರ್ಷ ನಾನು ನನಗೆ ತೋಚಿದಂತೆ ನಡೆದುಕೊಂಡೆ. ಕೊನೆಗೆ ಒಂದು ರಾತ್ರಿ ಅಸೋಸಿಯೇಷನ್ ತನಗೆ ತೋಚಿದಂತೆ ನಡೆದುಕೊಂಡಿತು.

ನ್ಯೂಯಾರ್ಕ್ ಏನು ಮಾಡಿತು?

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1999ರಿಂದ ಜೇನು ಸಾಕಣೆ ನಿಷಿದ್ಧವಾಗಿತ್ತು. ಸಾಕಬಾರದ ಅಪಾಯಕಾರಿ ಪ್ರಾಣಿಗಳ ಪಟ್ಟಿಯಲ್ಲಿ ಜೇನೂ ಇತ್ತು. ಸಿಕ್ಕಿಬಿದ್ದರೆ 2,000 ಡಾಲರ್‌ವರೆಗೆ ದಂಡ. ಆದರೂ ಜನ ತಾರಸಿಗಳ ಮೇಲೆ ಕದ್ದು ಸಾಕುತ್ತಿದ್ದರು. ಕದ್ದು ಸಾಕುವವರಿಗೆ ತರಬೇತಿ ಕೊಡಲು ಆಗುವುದಿಲ್ಲ, ಜೇನು ಹಿಂಡು ಹಾರಿಹೋದರೆ ‘ಅದು ನನ್ನದು’ ಎಂದು ಅವರು ಮುಂದೆ ಬರುವುದೂ ಇಲ್ಲ. 2010ರ ಮಾರ್ಚ್‌ನಲ್ಲಿ ಅಲ್ಲಿನ ಆರೋಗ್ಯ ಮಂಡಳಿ ನಿಷೇಧ ತೆಗೆಯಿತು. ತೆಗೆದು ಸುಮ್ಮನಾಗಲಿಲ್ಲ, ಷರತ್ತು ಹಾಕಿತು. ಸಾಕುವವರು ಆರೋಗ್ಯ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ನೀರಿನ ವ್ಯವಸ್ಥೆ ಮಾಡಬೇಕು. ಓಡಾಡುವವರಿಗೆ ತೊಂದರೆಯಾಗದ ಕಡೆ ಪೆಟ್ಟಿಗೆ ಇಡಬೇಕು. ಹಿಂಡು ಹಾರಿಹೋದರೆ ಹೊಣೆ ಹೊರಬೇಕು. ಮೆಲ್ಲಿಫೆರಾ ಬಿಟ್ಟು ಬೇರೆ ಜೇನು ಸಾಕುವಂತಿಲ್ಲ.

ಹಾಗಾದರೆ ಅದನ್ನೇ ನಕಲು ಮಾಡಿದರಾಯಿತಲ್ಲ? ಇಲ್ಲೇ ನಾವು ಎಚ್ಚರವಾಗಿರಬೇಕು. ನ್ಯೂಯಾರ್ಕ್‌ನಲ್ಲಿ ಹೆಜ್ಜೇನಿಲ್ಲ, ನಮ್ಮಲ್ಲಿದೆ. ಅಲ್ಲಿ ಸಾಕಲು ಇರುವುದೇ ಮೆಲ್ಲಿಫೆರಾ. ನಮ್ಮಲ್ಲಿ ನೆಲದ್ದೇ ಆದ ತುಡುವೆ ಇದೆ, ಮುಜಂಟಿ ಇದೆ. ಮೆಲ್ಲಿಫೆರಾದ್ದು ದೊಡ್ಡ ಸಂಸಾರ. ಅದಕ್ಕೆ ಹೆಚ್ಚು ಹೂ ಬೇಕು, ಹೆಚ್ಚು ದೂರ ಹಾರುತ್ತದೆ. ಸೂರ್ಯಕಾಂತಿ, ಸಾಸಿವೆ ಹೊಲಗಳಿಗೆ ಪೆಟ್ಟಿಗೆ ಸಾಗಿಸುತ್ತಾ ದುಡಿಸುವವರಿಗೆ ಅದು ಸರಿ. ತುಡುವೆಯದ್ದು ಚಿಕ್ಕ ಸಂಸಾರ, ಹಾರಾಟವೂ ಹತ್ತಿರದಲ್ಲೇ. ಹಾಗಾಗಿ ನೋಂದಣಿಯ ಕ್ರಮವನ್ನು ನ್ಯೂಯಾರ್ಕ್‌ನಿಂದ ಕಲಿಯೋಣ, ಜೇನಿನ ಆಯ್ಕೆಯಲ್ಲಿ ಮಾತ್ರ ಅದಕ್ಕೆ ತಿರುಗುಮುರುಗಾಗಿ ನಡೆಯೋಣ. ನಮ್ಮ ತಾರಸಿಗಳಿಗೆ ತುಡುವೆ ಮತ್ತು ಮುಜಂಟಿ ಸಾಕು.

ಲಂಡನ್ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ ತಾರಸಿ ಜೇನು ಒಂದು ಫ್ಯಾಷನ್ ಆಯಿತು. ಕಂಪನಿಗಳೂ ತಮ್ಮ ಕಟ್ಟಡದ ಮೇಲೆ ಪೆಟ್ಟಿಗೆ ಇಟ್ಟು ಪರಿಸರ ಪ್ರೇಮ ಮೆರೆದವು. ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು 2020ರ ವರದಿಯಲ್ಲಿ ಎಚ್ಚರಿಸಿದರು. ನಗರದ ಹೂಗಳು ತಾಳುವುದಕ್ಕಿಂತ ಹೆಚ್ಚು ಸಾಕುಜೇನು ತುಂಬಿಕೊಂಡರೆ, ಅದೇ ಹೂಗಳನ್ನು ನಂಬಿದ ಕಾಡುಜೇನುಗಳಿಗೆ ಹೊಟ್ಟೆಗಿಲ್ಲದಂತಾಗುತ್ತದೆ ಎಂದರು. ‘ಜೇನು ಉಳಿಸಿ’ ಎಂದು ಎಲ್ಲರೂ ಪೆಟ್ಟಿಗೆ ಕೊಳ್ಳುವುದಕ್ಕಿಂತ ಹೂ ಬಿಡುವ ಗಿಡ ನೆಡುವುದು ಮೇಲು. ಬೆಂಗಳೂರಿಗೂ ಈ ಮಾತು ಸಲ್ಲುತ್ತದೆ. ಬೇಸಿಗೆಯಲ್ಲಿ ಹೊಂಗೆ, ನೇರಳೆ ಹೂ ಬಿಡುತ್ತವೆ ನಿಜ. ಮಳೆಗಾಲದಲ್ಲಿ ನನ್ನ ಪೆಟ್ಟಿಗೆಗೆ ನಾನು ಸಕ್ಕರೆ ಪಾಕ ಇಟ್ಟು ಬದುಕಿಸಬೇಕಾಗಿತ್ತು.

ನಮ್ಮ ನಿಯಮ ಹೇಗಿರಬೇಕು?

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ. ವ್ಯವಸ್ಥೆ ಹೊಸದಾಗಿ ಕಟ್ಟಿಕೊಳ್ಳುವ ಕಾಲ ಇದು. ನಾಯಿ ಸಾಕುವವರಿಗೆ ನಿಯಮ ಇರುವಂತೆ ಜೇನು ಸಾಕುವವರಿಗೂ ಒಂದು ಪುಟದ ನಿಯಮ ಬರಲಿ. ನನಗೆ ತೋಚಿದ್ದು ಇಷ್ಟು.

ಒಂದು, ನೋಂದಣಿ. ಪೆಟ್ಟಿಗೆ ಎಲ್ಲಿದೆ, ಯಾವ ಜೇನು, ಸಾಕುವವರ ಫೋನ್ ನಂಬರ್ ಏನು ಎಂಬ ಮಾಹಿತಿ ಸಾಕು. ವರ್ಷಕ್ಕೊಮ್ಮೆ ನವೀಕರಣ.

ಎರಡು, ಜಾತಿ ಮತ್ತು ಸಂಖ್ಯೆ. ತುಡುವೆ, ಮುಜಂಟಿ ಮಾತ್ರ. ಒಂದು ಮನೆಗೆ ಎರಡು ಪೆಟ್ಟಿಗೆ ಮೀರದಿರಲಿ. ಒಂದೇ ಬಡಾವಣೆಯಲ್ಲಿ ಪೆಟ್ಟಿಗೆಗಳು ಹೆಚ್ಚಾದರೆ ಹೊಸದಕ್ಕೆ ತಡೆ ಇರಲಿ. ಲೆಕ್ಕ ಇದ್ದರೆ ಮಾತ್ರ ಇದು ಸಾಧ್ಯ.

ಮೂರು, ಜಾಗ ಮತ್ತು ನೀರು. ಪೆಟ್ಟಿಗೆಯ ಬಾಯಿ ಓಡಾಡುವ ದಾರಿ, ಬಟ್ಟೆ ಒಣಹಾಕುವ ಜಾಗ, ಮಕ್ಕಳು ಆಡುವ ಕಡೆಗೆ ಇರಬಾರದು. ಪಕ್ಕದಲ್ಲೇ ವರ್ಷವಿಡೀ ನೀರು ಕಡ್ಡಾಯ.

ನಾಲ್ಕು, ನೆರೆಹೊರೆಗೆ ಲಿಖಿತ ತಿಳಿವಳಿಕೆ. ಯಾರಿಗಾದರೂ ಜೇನಿನ ಅಲರ್ಜಿ ಇದೆ ಎಂದು ವೈದ್ಯರ ಚೀಟಿ ತೋರಿಸಿದರೆ ಪೆಟ್ಟಿಗೆ ಬೇರೆ ಕಡೆಗೆ ಹೋಗಬೇಕು. ಸುಮ್ಮನೆ ‘ನಮಗೆ ಇಷ್ಟವಿಲ್ಲ’ ಎಂದರೆ ತೆಗೆಸುವಂತಿಲ್ಲ.

ಐದು, ತರಬೇತಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಒಂದೆರಡು ದಿನ ಕಲಿತವರಿಗಷ್ಟೇ ನೋಂದಣಿ. ಸಂಸಾರ ಪಾಲಾಗುವ ಸೂಚನೆ ಹೇಗೆ ಗುರುತಿಸುವುದು, ರೋಗ ಬಂದರೆ ಏನು ಮಾಡುವುದು ಎಂದು ಗೊತ್ತಿರಬೇಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಸಂಸಾರಗಳು ಗುಂಪು ಗುಂಪಾಗಿ ಸತ್ತವು. ‘ಪೆಟ್ಟಿಗೆಗಳೆಲ್ಲ ಬಾಡಿಗೆಗಿಲ್ಲದ ಮನೆ ಥರ ಆಗಿದ್ವು’ ಎಂದು ಮಾವ ಈಗಲೂ ಹೇಳುತ್ತಾರೆ. ಅಂಥ ರೋಗ ಮತ್ತೆ ಬಂದರೆ ನಗರದಲ್ಲಿ ಯಾರಿಗೆ ತಿಳಿಸಬೇಕು ಎಂಬ ಪಟ್ಟಿಯೇ ಇವತ್ತು ಇಲ್ಲ.

ಆರು, ಎಲ್ಲಕ್ಕಿಂತ ಮುಖ್ಯವಾದದ್ದು, ಹೆಜ್ಜೇನಿಗೆ ಬೇರೆಯೇ ವ್ಯವಸ್ಥೆ. ಗೂಡು ಕಂಡ ಕೂಡಲೇ ವಿಷ ಹೊಡೆಯುವುದು ನಿಲ್ಲಬೇಕು. ಜನರ ಓಡಾಟವಿಲ್ಲದ ಎತ್ತರದಲ್ಲಿದ್ದರೆ ಒಂದು ಫಲಕ ಹಾಕಿ, ಆ ಭಾಗದಲ್ಲಿ ಬಣ್ಣ, ರಿಪೇರಿ ಕೆಲಸ ನಿಲ್ಲಿಸಿ, ರಾತ್ರಿ ದೀಪ ಆರಿಸಿದರೆ ಕಾಲ ಮುಗಿದ ಮೇಲೆ ಅವು ತಾವೇ ಎದ್ದು ಹೋಗುತ್ತವೆ. ಅಪಾಯದ ಜಾಗದಲ್ಲಿದ್ದರೆ ತರಬೇತಾದವರು ಬಂದು, ಕತ್ತಲಾದ ಮೇಲೆ, ಕೊಲ್ಲದೆ ಎಬ್ಬಿಸಬೇಕು. ಅಂಥವರ ಅಧಿಕೃತ ಪಟ್ಟಿ ಪ್ರತಿ ಪಾಲಿಕೆಯಲ್ಲಿರಲಿ.

‘ಇನ್ನೊಂದು ಲೈಸೆನ್ಸಾ?’

ಇದನ್ನೆಲ್ಲ ಗೆಳೆಯರ ಮುಂದೆ ಹೇಳಿದಾಗ ಒಬ್ಬ ಕೇಳಿದ, ‘ಲಂಚ ಕೊಡೋಕೆ ಇನ್ನೊಂದು ಕೌಂಟರ್ ತೆಗೆಸ್ತೀಯಾ?’ ಪ್ರಶ್ನೆ ತಮಾಷೆಯದ್ದಲ್ಲ. ಅದಕ್ಕೇ ನಾನು ಪರವಾನಗಿ ಕೇಳುತ್ತಿಲ್ಲ, ನೋಂದಣಿ ಕೇಳುತ್ತಿದ್ದೇನೆ. ಪರವಾನಗಿ ಎಂದರೆ ಅಧಿಕಾರಿ ಕೊಟ್ಟರೆ ಉಂಟು. ನೋಂದಣಿ ಎಂದರೆ ನಾವೇ ಆನ್‌ಲೈನ್‌ನಲ್ಲಿ ಮಾಹಿತಿ ತುಂಬಿ, ತರಬೇತಿಯ ಪ್ರಮಾಣಪತ್ರ ಹಾಕಿ ರಸೀದಿ ಪಡೆಯುವುದು. ತಪಾಸಣೆ ದೂರು ಬಂದಾಗ ಮಾತ್ರ.

ನಿಷೇಧಿಸಿಬಿಟ್ಟರೆ ಸುಲಭ ಎನ್ನುವವರೂ ಇದ್ದಾರೆ. ಪೆಟ್ಟಿಗೆ ನಿಷೇಧಿಸಿದರೆ ಬಿ ಬ್ಲಾಕ್‌ನ ಹೆಜ್ಜೇನು ಬರುವುದು ನಿಲ್ಲುತ್ತದೆಯೇ? ಕಾಡುಜೇನಿಗೆ ನಮ್ಮ ಆದೇಶ ತಲುಪುವುದಿಲ್ಲ. ಆದರೆ ಜೇನಿನ ಸ್ವಭಾವ ಬಲ್ಲ ನಾಲ್ಕು ಜನ ಪ್ರತಿ ಬಡಾವಣೆಯಲ್ಲಿದ್ದರೆ ಅದು ಬಂದಾಗ ಏನು ಮಾಡಬೇಕೆಂದು ಹೇಳುವವರು ಇರುತ್ತಾರೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ತಾರಸಿಯ ಎರಡು ಪೆಟ್ಟಿಗೆಯಿಂದ ಸಂಬಳ ಹುಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡೂವರೆ ಕಿಲೋ ಎಂದೆನಲ್ಲ, ನನ್ನ ಲೆಕ್ಕ ಅಷ್ಟೇ. ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಆದರೆ ಹೆಜ್ಜೇನನ್ನು ಕೊಲ್ಲದೆ ಎಬ್ಬಿಸುವುದು, ಗೋಡೆಯೊಳಗಿನ ತುಡುವೆಯನ್ನು ಪೆಟ್ಟಿಗೆಗೆ ತುಂಬುವುದು, ಪೆಟ್ಟಿಗೆಗಳ ಉಸ್ತುವಾರಿ, ಶಾಲೆ ಅಪಾರ್ಟ್‌ಮೆಂಟುಗಳಲ್ಲಿ ತಿಳಿವಳಿಕೆ ಇವು ನಿಜವಾದ ಕೆಲಸಗಳು. ಇವತ್ತು ಆ ಹಣ ವಿಷ ಹೊಡೆಯುವವರಿಗೆ ಹೋಗುತ್ತಿದೆ. ಪಾಲಿಕೆ ತರಬೇತಿ ಕೊಟ್ಟು ಪಟ್ಟಿ ಮಾಡಿದರೆ ಜೀವಶಾಸ್ತ್ರ, ಕೃಷಿ, ತೋಟಗಾರಿಕೆ ಓದಿದ ನಮ್ಮಂಥ ಕೆಲವರಿಗಾದರೂ ದಾರಿ ಆಗುತ್ತದೆ.

ಈ ವರ್ಷ ಫೆಬ್ರುವರಿ ಕೊನೆಯಲ್ಲಿ ಹೆಜ್ಜೇನು ಮತ್ತೆ ಬಂತು. ಅದೇ ಬಿ ಬ್ಲಾಕ್, ಅದೇ ಬಾಲ್ಕನಿ. ಕಾರ್ಯದರ್ಶಿ ಈ ಸಲ ಮೊದಲು ಫೋನ್ ಮಾಡಿದ್ದು ನನಗೆ. ‘ಏನಮ್ಮಾ ಮಾಡೋದು?’ ಎಂದರು. ಬಣ್ಣದ ಕೆಲಸ ಮುಂದೂಡಿದರು, ಆ ಕಡೆಯ ದೀಪ ಆರಿಸಿದರು, ಗೇಟಿನ ಅಂಕಲ್‌ಗೆ ಬಾಗಿಲಿರುವ ಕ್ಯಾಬಿನ್ ಮಾಡಿಸಿದರು. ಇಲ್ಲಿಯವರೆಗೆ ಯಾರಿಗೂ ಕಚ್ಚಿಲ್ಲ. ಮೂರನೇ ಮಹಡಿಯ ಅಜ್ಜಿ, ‘ನಿನ್ನ ಪೆಟ್ಟಿಗೆ ಯಾವಾಗ ತರ್ತೀಯೆ?’ ಎಂದು ಕೇಳಿದರು. ನಿಯಮ ಬರಲಿ ಅಜ್ಜಿ ಎಂದೆ.

ನಮ್ಮ ಕಟ್ಟಡದಲ್ಲಿ ಇದು ಸಾಧ್ಯವಾದದ್ದು ಕಾರ್ಯದರ್ಶಿಯ ಮೊಬೈಲ್‌ನಲ್ಲಿ ನನ್ನ ನಂಬರ್ ಇದ್ದುದರಿಂದ. ಪಕ್ಕದ ಕಟ್ಟಡದವರ ಮೊಬೈಲ್‌ನಲ್ಲಿ ಈಗಲೂ ಇರುವುದು ವಿಷ ಹೊಡೆಯುವವರ ನಂಬರ್. ಆ ಪಕ್ಕದ ಕಟ್ಟಡದವರಿಗೂ ಸಿಗುವ ಹಾಗೆ ಒಂದು ಪಟ್ಟಿ ಪಾಲಿಕೆಯಲ್ಲಿ ಇರಬೇಕು ಎನ್ನುವುದಷ್ಟೇ ನನ್ನ ಬೇಡಿಕೆ.